ಕರಡಿನಲ್ಲಿ ಕಂಡ ಕಾರ್ಖಾನೆ

ನಮ್ಮ ಅತ್ತೆ, ಅಂದರೆ ಅಪ್ಪನ ಒಬ್ಬಳೇ ತಂಗಿ, ಇಪ್ಪತ್ತೇಳು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವಳು. ಇದು ನನ್ನ ಮಾತಲ್ಲ, ಅವಳದೇ. ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಹೀಗೆ ಹೇಳಿ, ಅವರ ಮುಖ ಹುಳ್ಳಗಾಗುವುದನ್ನು ನೋಡಿ ನಗುತ್ತಿದ್ದಳು. ಅಚ್ಚಿನ ಮನೆಯೊಂದರಲ್ಲಿ ಅವಳು ಕರಡು ತಿದ್ದುತ್ತಿದ್ದಳು. ಮದುವೆಯಾಗಿರಲಿಲ್ಲ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಕೋಣೆ ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದಳು. ಪ್ರತಿ ಭಾನುವಾರ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬರಲೇಬೇಕಿತ್ತು. ಬರದಿದ್ದರೆ ಅಪ್ಪ ಹೋಗಿ ಕರೆತರುತ್ತಿದ್ದರು.

ಆ ಅಚ್ಚಿನ ಮನೆಯಲ್ಲಿ ಕಥೆ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಅಲ್ಲಿಗೆ ಮುಖ್ಯವಾಗಿ ಒಬ್ಬ ಗಿರಾಕಿ: ಮೂವತ್ತೆಂಟು ದೇಶಗಳಲ್ಲಿ ಕಚೇರಿಗಳಿದ್ದ ಒಂದು ಹೂಡಿಕೆ ಬ್ಯಾಂಕು. ಪ್ರೆಸ್ಸಿನವರು ಅದನ್ನು ‘ದೊಡ್ಡಮನೆ’ ಎನ್ನುತ್ತಿದ್ದರು. ನಾವು ಪಾಸ್‌ಬುಕ್ಕು ಹಿಡಿದು ಸಾಲಿನಲ್ಲಿ ನಿಲ್ಲುವಂಥ ಬ್ಯಾಂಕಲ್ಲ ಅದು. ಹಾಗಾದರೆ ಅದೇನು ಮಾಡುತ್ತದೆ ಎಂದು ಚಿಕ್ಕವಳಿದ್ದಾಗ ನಾನು ಕೇಳಿದ್ದಕ್ಕೆ ಅತ್ತೆ, “ಮದುವೆ ದಲ್ಲಾಳಿ ಇದ್ದ ಹಾಗೆ ಕಣೇ” ಎಂದಿದ್ದಳು. ಒಂದು ಕಂಪನಿಗೆ ಇನ್ನೊಂದನ್ನು ತೋರಿಸಿ ಕೂಡಿಸುತ್ತಾರೆ. ಒಗ್ಗದಿದ್ದರೆ ಪಾಲು ಮಾಡಿಕೊಡುತ್ತಾರೆ. ಬಂಡವಾಳ ಬೇಕೆಂದವರ ಷೇರುಗಳನ್ನು, ಸಾಲಪತ್ರಗಳನ್ನು ಊರಿಗೆಲ್ಲ ಮಾರಿಕೊಡುತ್ತಾರೆ. ಸರ್ಕಾರಗಳಿಗೂ ಸಾಲ ಹುಟ್ಟಿಸಿಕೊಡುತ್ತಾರೆ. ಮದುವೆ ಮುರಿದರೂ ದಲ್ಲಾಳಿಯ ಫೀಸು ಮುರಿಯುವುದಿಲ್ಲ ಎಂದು ಕೊನೆಗೆ ಸೇರಿಸಿದ್ದಳು.

ಇಂಥ ಪ್ರತಿಯೊಂದು ವ್ಯವಹಾರಕ್ಕೂ ಒಂದು ದಪ್ಪ ಪುಸ್ತಕ ಅಚ್ಚಾಗಬೇಕು. ಷೇರುದಾರರ ಕೈಗೆ ಹೋಗುವ ಆ ಪುಸ್ತಕದಲ್ಲಿ ಒಂದು ಸೊನ್ನೆ ಆಚೀಚೆಯಾದರೂ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ಅದಕ್ಕೇ ಮೂರನೇ ಮಹಡಿಯಲ್ಲಿ ಬೀಗದ ಕೋಣೆ ಅಂತ ಒಂದಿತ್ತು. ಉದ್ದನೆಯ ಮೇಜು, ಎದುರುಬದುರು ಎರಡು ಕುರ್ಚಿ, ಮೇಜಿಗೆ ತಿರುಪು ಹಾಕಿ ಕೂರಿಸಿದ ದೀಪ, ಎಂದೂ ತೆರೆಯದ ಕಿಟಕಿ. ಒಳಗೆ ಹೋಗುವಾಗ ಕೈಚೀಲವನ್ನು ಹೊರಗಿನ ಕಪಾಟಿನಲ್ಲಿಡಬೇಕು. ಬರುವಾಗ ಮೇಜಿನ ಮೇಲಿನ ಚೂರು ಕಾಗದವನ್ನೂ ಲೆಕ್ಕ ಕೊಟ್ಟು ಬರಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಕರಡಿನಲ್ಲಿ ಅದನ್ನೇ ಹಿಂಬಾಲಿಸಿ ತಿದ್ದುವುದು ಅಲ್ಲಿನ ಪದ್ಧತಿ. ಅತ್ತೆಯ ಎದುರು ಕೂತು ಓದುತ್ತಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕರು. ಅಂಕಿಗಳನ್ನು ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಎಳೆದೆಳೆದು ಓದುತ್ತಿದ್ದದ್ದರಿಂದ ಅವರಿಗೆ ರಾಗದ ಮೇಷ್ಟ್ರು ಎಂದು ಹೆಸರಾಗಿತ್ತು. ಬ್ಯಾಂಕಿನ ಕಡೆಯಿಂದ ಕರಡು ಒಪ್ಪಿಸಲು ಬರುತ್ತಿದ್ದ ಯುವಕನನ್ನು ಇವರಿಬ್ಬರೂ ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. ಅವನ ಅಂಗಿಯ ಮಡಿಕೆಯಲ್ಲಿ ಬೆರಳು ಕುಯ್ಯಬಹುದು ಎಂದು ಅತ್ತೆ ಹೇಳುತ್ತಿದ್ದಳು. ತುಂಬ ನಯದ ಮನುಷ್ಯನಂತೆ. ಅತ್ತೆ ಹುಡುಕಿದ ಪ್ರತಿ ತಪ್ಪಿಗೂ ಥ್ಯಾಂಕ್ಸ್ ಹೇಳುತ್ತಿದ್ದನಂತೆ.

ದೊಡ್ಡಮನೆಯ ಮೇಲೆ ಅತ್ತೆಗೆ ಅಭಿಮಾನವಿತ್ತು. ಬ್ಯಾಂಕಿಗೆ ನೂರೈವತ್ತು ವರ್ಷ ತುಂಬಿದಾಗ ಅದರ ಚರಿತ್ರೆಯ ಪುಸ್ತಕವನ್ನು ತಿದ್ದಿದವಳೂ ಅವಳೇ. ಆ ಚರಿತ್ರೆಯನ್ನು ಅವಳು ನಮಗೆ ಕಥೆಯ ಹಾಗೆ ಹೇಳಿದ್ದಳು. ಇಬ್ಬರು ಭಾವ-ಮೈದುನರು ಬಂದರಿನಲ್ಲಿ ಹದಮಾಡಿದ ಚರ್ಮ ಮಾರುತ್ತಿದ್ದರಂತೆ. ಮಾತಿಗೆ ತಪ್ಪದವರು. ಬೇರೆ ವ್ಯಾಪಾರಿಗಳು ಹಣ ಕೊಡುತ್ತೇವೆಂದು ಬರೆದುಕೊಟ್ಟ ಹುಂಡಿಯ ಮೇಲೆ ಇವರ ಸಹಿ ಬಿದ್ದರೆ ಸಾಕು, ಹಡಗಿನವರು ಸರಕು ಹತ್ತಿಸಿಕೊಳ್ಳುತ್ತಿದ್ದರು. ಬರಬರುತ್ತ ಚರ್ಮಕ್ಕಿಂತ ಸಹಿಯಲ್ಲೇ ಹೆಚ್ಚು ಲಾಭ ಕಂಡು, ಚರ್ಮದ ಮಂಡಿ ಮುಚ್ಚಿ ಸಹಿಯ ವ್ಯಾಪಾರಕ್ಕೇ ಕೂತರು. ಮಕ್ಕಳ ಕಾಲಕ್ಕೆ ರೈಲು ದಾರಿಗಳಿಗೆ, ಮೊಮ್ಮಕ್ಕಳ ಕಾಲಕ್ಕೆ ಯುದ್ಧ ಮಾಡುವ ಸರ್ಕಾರಗಳಿಗೆ ಸಾಲಪತ್ರ ಮಾರಿಕೊಟ್ಟರು. ಆಮೇಲೆ ಮನೆತನದವರ ಕೈತಪ್ಪಿ ಅದೇ ಒಂದು ಕಂಪನಿಯಾಯಿತು. ಕಂಪನಿಗಳನ್ನು ಕೊಳ್ಳಿಸುವ, ಮಾರಿಸುವ ದಂಧೆ ಬೆಳೆಯಿತು. ನೌಕರರ ಪಿಂಚಣಿ ನಿಧಿಗಳನ್ನು ಬೆಳೆಸಿಕೊಡುವ ಕೆಲಸವೂ ಸೇರಿತು. “ಬರೀ ಒಂದು ಸಹಿಯಿಂದ ಇಷ್ಟೆಲ್ಲ ಆಯ್ತು ನೋಡು” ಎಂದು ಅತ್ತೆ ಬೆರಗಾಗಿ ಹೇಳುತ್ತಿದ್ದಳು.

ಅವಳಿಗೆ ಮೊದಲ ಪೆಟ್ಟು ಬಿದ್ದದ್ದು ಆ ಪುಸ್ತಕದಿಂದಲೇ. ಎಂಬತ್ತೆಂಟರಿಂದ ತೊಂಬತ್ತಮೂರನೇ ಪುಟದವರೆಗೆ ಒಂದು ರೈಲು ದಾರಿಯ ಕಥೆಯಿತ್ತು. ಅದರ ಸಾಲಪತ್ರಗಳನ್ನು ಬ್ಯಾಂಕು ಶಾಲೆಯ ಶಿಕ್ಷಕರಿಗೆ, ವಿಧವೆಯರಿಗೆ, ಹಡಗಿನ ಅಡುಗೆಯವರಿಗೆ ಮಾರಿತ್ತು. ದಾರಿಗೆ ಒಂದು ಹಳಿಯನ್ನೂ ಹಾಕಿರಲಿಲ್ಲ. ಎರಡನೇ ಕರಡು ವಾಪಸು ಬಂದಾಗ ಆ ಆರೂ ಪುಟಗಳ ಮೇಲೆ ಅಡ್ಡಗೆರೆ ಎಳೆದಿತ್ತು. ಅತ್ತೆ ದಿಗ್ಭ್ರಮೆಯಿಂದ ಮೇಲ್ವಿಚಾರಕರ ಹತ್ತಿರ ಹೋದಳು. ಅವರು ಕನ್ನಡಕದ ಮೇಲಿಂದ ನೋಡಿ, ಅಕ್ಷರದ ತಪ್ಪೇನಾದರೂ ಇದೆಯೇ ಎಂದರು. ಇಲ್ಲ ಎಂದಳು. ಹಾಗಾದರೆ ಪುಟಸಂಖ್ಯೆ ಸರಿ ಮಾಡಿ ಎಂದರು. ಅವಳು ಸರಿ ಮಾಡಿದಳು. ಹಿಂದಿನ ಪದಸೂಚಿಯನ್ನೂ ತಿದ್ದಿದಳು. ಅಲ್ಲಿ ಏನೋ ಇತ್ತು ಎಂಬ ಗುರುತೂ ಉಳಿಯಲಿಲ್ಲ.

ಇನ್ನು ಅಪ್ಪನ ವಿಷಯ. ನದಿ ಬದಿಯ ಗಾಜಿನ ಕಾರ್ಖಾನೆಯಲ್ಲಿ ಅಪ್ಪ ಕುಲುಮೆ ಮೇಸ್ತ್ರಿ. ಗಾಜಿನ ಕುಲುಮೆಯೆಂದರೆ ಮನೆಯ ಒಲೆಯಂತಲ್ಲ. ಒಮ್ಮೆ ಹೊತ್ತಿಸಿದರೆ ಹತ್ತು ಹನ್ನೆರಡು ವರ್ಷ ಆರಿಸುವ ಹಾಗಿಲ್ಲ. ಆರಿದರೆ ಒಳಗಿನ ಗಾಜು ಕಲ್ಲಾಗಿ, ಇಟ್ಟಿಗೆ ಬಿರಿದು, ಎಲ್ಲ ಕಿತ್ತು ಹೊಸದಾಗಿ ಕಟ್ಟಬೇಕು. ಒಂದು ಸಲ ಎರಡನೇ ಕುಲುಮೆಯ ಚಾವಣಿಯ ಇಟ್ಟಿಗೆ ಕುಸಿದಾಗ, ಬೆಂಕಿ ಆರಿಸದೆಯೇ ಹನ್ನೊಂದು ದಿನ ಒದ್ದಾಡಿ ಅದನ್ನು ಮುಚ್ಚಿದವರು ಅಪ್ಪ ಮತ್ತು ಅವರ ಜೊತೆಯವರು. ಅಪ್ಪನ ಹುಬ್ಬು ಸುಟ್ಟು ಹೋಗಿ, ಮತ್ತೆ ಬೆಳೆದದ್ದು ಎಡಗಡೆ ಮಾತ್ರ. ಬಲಗಡೆಯದಕ್ಕೆ ಅಮ್ಮ ಕಾಡಿಗೆ ಹಚ್ಚಲು ಹೋಗಿ ಬೈಸಿಕೊಂಡದ್ದು ನೆನಪಿದೆ.

ಮುಂದಿನದು ನಡೆದಾಗ ನನಗೆ ಹತ್ತೊಂಬತ್ತು ವರ್ಷ. ಆ ವರ್ಷ ಬೀಗದ ಕೋಣೆಗೆ ಒಂದು ಹೊಸ ಕರಡು ಬಂತು. ವ್ಯವಹಾರ ಬಹಿರಂಗವಾಗುವ ತನಕ ಕಂಪನಿಗಳ ನಿಜವಾದ ಹೆಸರನ್ನು ಬರೆಯುವುದಿಲ್ಲ. ಬ್ಯಾಂಕಿನವರು ಒಂದು ಪಟ್ಟಿಯಿಂದ ಗುಪ್ತನಾಮ ಎತ್ತಿಕೊಡುತ್ತಾರೆ. ಆ ವರ್ಷದ ಪಟ್ಟಿ ಹಣ್ಣುಗಳದು. ಕೊಳ್ಳುವ ಕಂಪನಿ ‘ದಾಳಿಂಬೆ’, ಮಾರಾಟವಾಗುವ ಕಂಪನಿ ‘ನೇರಳೆ’. ಮೊದಲ ಎರಡು ದಿನ ಬರೀ ಕಾನೂನಿನ ಮಾತೇ ಇತ್ತು. ಮೂರನೇ ದಿನ, ಸೋಮವಾರ ಬೆಳಿಗ್ಗೆ, ರಾಗದ ಮೇಷ್ಟ್ರು ತಮ್ಮ ಧಾಟಿಯಲ್ಲಿ ಓದುತ್ತಾ ಹೋದರು: ನೇರಳೆಯ ನದಿ ಬದಿಯ ಘಟಕ, ಕುಲುಮೆ ಎರಡು, ಎರಡನೆಯದರ ಚಾವಣಿ ಒಂಬತ್ತನೇ ವರ್ಷದಲ್ಲಿ ಕುಸಿದು ಹನ್ನೊಂದು ದಿನಗಳ ದುರಸ್ತಿ.

ಇನ್ನೊಂದು ಸಲ ಓದಿ ಎಂದಳು ಅತ್ತೆ. ಏನೋ ತಪ್ಪು ಸಿಕ್ಕಿರಬೇಕೆಂದುಕೊಂಡು ಮೇಷ್ಟ್ರು ಮತ್ತೆ ಓದಿದರು. ಆಮೇಲೆ ಮುಂದಿನ ವಾಕ್ಯಕ್ಕೆ ಹೋದರು. ವ್ಯವಹಾರ ಮುಗಿದ ನಾಲ್ಕು ತಿಂಗಳೊಳಗೆ ಎರಡೂ ಕುಲುಮೆಗಳನ್ನು ಆರಿಸಿ, ತಯಾರಿಕೆಯನ್ನು ದಾಳಿಂಬೆಯ ಬೇರೆ ಘಟಕಗಳಿಗೆ ಸಾಗಿಸಲಾಗುವುದು. ಇದರಿಂದ ಆರುನೂರ ಹನ್ನೆರಡು ಹುದ್ದೆಗಳು ಇಲ್ಲವಾಗುವುವು.

ಕಿವಿಯಲ್ಲಿ ಗುಂಯ್ ಎಂದಿತು, ಮುಂದೆ ಓದಿದ್ದು ಕೇಳಿಸಲೇ ಇಲ್ಲ ಎಂದು ಅವಳು ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು. ಆದರೆ ಅಷ್ಟು ವರ್ಷದ ಕೈ ನಿಲ್ಲಲಿಲ್ಲವಂತೆ. ಮೂರು ಪುಟ ಕಳೆದ ಮೇಲೆ ಅದೇ ಸಂಖ್ಯೆ ಆರುನೂರ ಇಪ್ಪತ್ತೊಂದು ಎಂದು ಬಂದದ್ದನ್ನು ಆ ಕೈ ಹಿಡಿದು, ‘ಯಾವುದು ಸರಿ?’ ಎಂದು ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆಯಿತು. ಇಸ್ತ್ರಿ ಸಾಹೇಬ ಮಧ್ಯಾಹ್ನ ಬಂದು, ಹನ್ನೆರಡರ ಮೇಲೆ ಸರಿ ಗುರುತು ಹಾಕಿ, ಥ್ಯಾಂಕ್ಸ್ ಹೇಳಿ ಹೋದ.

ಅವಳು ಕೆಲಸಕ್ಕೆ ಸೇರಿದಾಗ ಒಂದು ಕಾಗದಕ್ಕೆ ಸಹಿ ಮಾಡಿದ್ದಳು. ಒಳಗೆ ಓದಿದ್ದನ್ನು ಹೊರಗೆ ಆಡಕೂಡದು, ಸನ್ನೆಯಲ್ಲೂ ತಿಳಿಸಕೂಡದು, ಸಂಬಂಧಿಕರು ಆ ಕಂಪನಿಯಲ್ಲಿದ್ದರೆ ಮೇಲ್ವಿಚಾರಕರಿಗೆ ಹೇಳಬೇಕು. ಅವಳು ಅಂದೇ ಸಂಜೆ ಹೋಗಿ, ತನ್ನ ಅಣ್ಣ ಅಲ್ಲಿದ್ದಾನೆ ಎಂದು ತಿಳಿಸಿದಳು. ಮೇಲ್ವಿಚಾರಕರು ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಓದಿದ್ದನ್ನು ಓದಲಿಲ್ಲ ಅಂತ ಮಾಡೋಕಾಗಲ್ಲ, ಬಾಯಿ ಭದ್ರ, ಮುಂದುವರಿಸಿ ಎಂದರು.

ಅದೇ ವಾರ ಅಪ್ಪನಿಗೆ ಒಂದು ಕಾಗದ ಬಂತು. ಮೂರು ಗಂಟೆ ಪ್ರಯಾಣದ ದೂರದಲ್ಲಿ ಔಷಧಿ ಸೀಸೆ ತಯಾರಿಸುವ ಇನ್ನೊಂದು ಗಾಜಿನ ಕಾರ್ಖಾನೆ. ಅಲ್ಲಿ ಮುಖ್ಯ ಮೇಸ್ತ್ರಿಯ ಜಾಗ. ಹತ್ತು ದಿನದಲ್ಲಿ ಉತ್ತರ ಕೊಡಬೇಕು. ಅಮ್ಮನಿಗೆ ಮನಸ್ಸಿತ್ತು. ಅಪ್ಪನಿಗೆ ಆ ಎರಡನೇ ಕುಲುಮೆಯನ್ನು ಬಿಟ್ಟು ಹೋಗಲು ಕಾಲೇಳುತ್ತಿರಲಿಲ್ಲ. ತಂಗಿಯನ್ನು ಕೇಳೋಣ ಎಂದರು. ನಮ್ಮ ಮನೆಯಲ್ಲಿ ಅತ್ತೆಯದೇ ಕೊನೆಯ ಮಾತು. ನನ್ನ ಕಾಲೇಜು ಆರಿಸಿದವಳು ಅವಳು, ಮನೆಯ ಬಾಡಿಗೆ ಕರಾರು ಓದಿದವಳು ಅವಳು. ಅಮ್ಮನ ಆಪರೇಷನ್ನಿಗೆ ಎರಡನೇ ವೈದ್ಯರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ.

ಆ ಭಾನುವಾರ ಊಟದ ಮೇಜಿನಲ್ಲಿ ನಾನೂ ಇದ್ದೆ. ಅಪ್ಪ ಕಾಗದವನ್ನು ಅವಳ ತಟ್ಟೆಯ ಪಕ್ಕಕ್ಕಿಟ್ಟರು. ಅವಳು ಅದನ್ನು ಒಮ್ಮೆ ಓದಿ, ಮತ್ತೊಮ್ಮೆ ಓದಿ, ಮಡಿಸಿ ವಾಪಸು ಕೊಟ್ಟಳು.

“ಹೋಗ್ಲಾ, ಇರ್ಲಾ? ಹೇಳು ಪುಟ್ಟಿ” ಎಂದರು ಅಪ್ಪ.

“ನನ್ನ ಕೇಳ್ಬೇಡ ಅಣ್ಣ.”

“ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಇವಳ ಕಾಲೇಜಿನಿಂದ ಹಿಡಿದು ಎಲ್ಲಾದಕ್ಕೂ ಮೂಗು ತೂರಿಸಿದವಳು ನೀನೇ ತಾನೇ?”

ಅಮ್ಮ ನಕ್ಕಳು. ಅತ್ತೆ ನಗಲಿಲ್ಲ. ಲೋಟದ ನೀರನ್ನು ಪೂರ್ತಿ ಕುಡಿದಳು. ಆಮೇಲೆ ತಟ್ಟೆ ನೋಡಿಕೊಂಡೇ, “ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡು” ಎಂದಳು. ಊಟ ಅರ್ಧಕ್ಕೇ ಬಿಟ್ಟು, ತಲೆನೋವು ಎಂದು ಎದ್ದು ಹೋದಳು. ಅಪ್ಪನಿಗೆ ಬೇಜಾರಾಯಿತು. ಯಾವತ್ತೂ ಹೀಗೆ ಕೈಚೆಲ್ಲಿದವಳಲ್ಲ ಎಂದರು. ಕೊನೆಗೆ, ಹೋಗು ಅನ್ನಲು ಅವಳಿಗೂ ಮನಸ್ಸಿಲ್ಲ ಅಂತ ಇದರ ಅರ್ಥ ಎಂದು ತಾವೇ ತೀರ್ಮಾನ ಮಾಡಿಕೊಂಡರು. ಬುಧವಾರ ನನ್ನನ್ನು ಕೂರಿಸಿಕೊಂಡು, ಬರಲಾಗುವುದಿಲ್ಲ, ಕ್ಷಮಿಸಿ ಎಂದು ಉತ್ತರ ಬರೆಸಿದರು. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ. ನಾನು ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಮಾಡಿದೆ.

ಹದಿಮೂರು ದಿನಗಳ ನಂತರ ಸುದ್ದಿ ಹೊರಬಿತ್ತು. ಬೆಳಗಿನ ಪಾಳಿಯಲ್ಲಿದ್ದ ಅಪ್ಪನನ್ನೂ ಎಲ್ಲರನ್ನೂ ಗೋದಾಮಿನ ಮುಂದೆ ನಿಲ್ಲಿಸಿ, ಮ್ಯಾನೇಜರು ಒಂದು ಕಾಗದ ಓದಿದರಂತೆ. ಓದಿ ಮುಗಿಸಿದ ಮೇಲೂ ಯಾರೂ ಕದಲಲಿಲ್ಲವಂತೆ. ಯಾರೋ ಒಬ್ಬರು, ಕುಲುಮೆ ನೋಡೋಕೆ ಯಾರಿದ್ದಾರೆ ಈಗ ಅಲ್ಲಿ ಎಂದು ಕೇಳಿದಾಗ ಅಪ್ಪನಿಗೆ ಎಚ್ಚರವಾಗಿ, ಒಳಗೆ ಓಡಿ ಉರಿಯ ಮಟ್ಟ ನೋಡಿ ಬಂದರಂತೆ. ಮುಚ್ಚಲಿರುವ ಕುಲುಮೆಗೆ ಓಡಿದೆನಲ್ಲ ಎಂದು ಮನೆಗೆ ಬಂದು ಕೂತು, ಅದೊಂದನ್ನೇ ಮೂರು ನಾಲ್ಕು ಸಲ ಹೇಳಿದರು. ನಾನು ಅಪ್ಪನ ಬೂಟಿನ ದಾರ ಬಿಚ್ಚಿದೆ. ಅದನ್ನು ಬಿಚ್ಚಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಕೆಲಸದಿಂದ ನೇರವಾಗಿ ಬಂದಿದ್ದಳು. ಬೆರಳಿನಲ್ಲಿ ಕೆಂಪು ಪೆನ್ಸಿಲಿನ ಬಣ್ಣವಿತ್ತು. ಬಾಗಿಲಲ್ಲೇ ನಿಂತು ಹೇಳಿದಳು.

“ನಂಗೆ ಗೊತ್ತಿತ್ತು ಅಣ್ಣ.”

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಆ ಪುಸ್ತಕ ತಿದ್ದಿದ್ದು ನಾನೇ ಎಂದಳು.

“ಯಾವಾಗಿನಿಂದ?”

“ನೀನು ಕೇಳಿದೆಯಲ್ಲ, ಆ ಭಾನುವಾರಕ್ಕೆ ಆರು ದಿನ ಮುಂಚೆ.”

ಅಪ್ಪ ಕೂಗಾಡುತ್ತಾರೆ ಎಂದುಕೊಂಡೆ. ಅವರು ಅಂಗಡಿಯಲ್ಲಿ ಬೆಲೆ ವಿಚಾರಿಸುವ ದನಿಯಲ್ಲಿ ಕೇಳಿದರು.

“ನಮ್ಮ ಹೆಸರೆಲ್ಲ ಇತ್ತಾ ಅದರಲ್ಲಿ?”

“ಇಲ್ಲ. ಎಷ್ಟು ಜನ ಅಂತ ಮಾತ್ರ ಇತ್ತು. ಒಂದು ಕಡೆ ತಪ್ಪು ಬಿದ್ದಿತ್ತು. ಸರಿ ಮಾಡಿಸಿದೆ.”

“ಸರಿ ಮಾಡಿಸಿದೆಯಾ” ಎಂದರು ಅಪ್ಪ. ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆ ಹೊರಟುಹೋದಳು. ಮುಂದಿನ ಭಾನುವಾರ ಅವಳು ಬರಲಿಲ್ಲ, ಅಪ್ಪನೂ ಕರೆಯಲು ಹೋಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದೂವರೆ ತಿಂಗಳ ನಂತರ, ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯವರು ಅಚ್ಚಿನ ಮನೆಗೆ ಬಂದರು. ಸುದ್ದಿ ಹೊರಬೀಳುವ ಮುಂಚಿನ ಮೂರು ವಾರಗಳಲ್ಲೇ ಯಾರೋ ಗಾಜಿನ ಕಂಪನಿಯ ಷೇರುಗಳನ್ನು ರಾಶಿ ರಾಶಿ ಕೊಂಡಿದ್ದರು. ಒಳಗಿನ ಗುಟ್ಟು ಎಲ್ಲಿಂದಲೋ ಸೋರಿತ್ತು. ಬ್ಯಾಂಕಿನ ವಕೀಲರು ತಮ್ಮವರ ಮೇಲೆ ತಮಗೆ ಪೂರ್ತಿ ನಂಬಿಕೆಯಿದೆ, ಅಚ್ಚಿನ ಮನೆಯಲ್ಲಿ ವಿಚಾರಿಸಿ ಎಂದಿದ್ದರು. ವಿಚಾರಿಸಿದವರಿಗೆ ಮೊದಲು ಸಿಕ್ಕಿದ್ದು ಮೇಲ್ವಿಚಾರಕರ ಆ ಪುಸ್ತಕ. ಅದರಲ್ಲಿ ಇದ್ದದ್ದು ಒಂದೇ ಹೆಸರು, ನಮ್ಮ ಅತ್ತೆಯದು. ತಾನಾಗಿ ಹೋಗಿ ಸತ್ಯ ಹೇಳಿ ಬರೆಸಿದ್ದ ಸಾಲೇ ಅವಳ ಕುತ್ತಿಗೆಗೆ ಬಂತು. ಅಂದೇ ಅವಳನ್ನು ಕೆಲಸದಿಂದ ಅಮಾನತು ಮಾಡಿದರು.

ಈ ಸುದ್ದಿ ತಂದವರು ರಾಗದ ಮೇಷ್ಟ್ರು. ಬಿಸಿಲಿನಲ್ಲಿ ನಡೆದು ಬಂದು, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಒಂದೂ ರಾಗವಿಲ್ಲದೆ ಹೇಳಿದರು. ಮೂರು ದಿನದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಒಡಹುಟ್ಟಿದ ಅಣ್ಣನಿಗೂ ಹೇಳಲಿಲ್ಲ ಎಂದರೆ ಯಾರು ನಂಬುತ್ತಾರೆ? ಅಣ್ಣ ಹತ್ತು ಜನರಿಗೆ ಹೇಳಿರಬೇಕು, ಅವರಲ್ಲಿ ಯಾರೋ ಷೇರು ಕೊಂಡಿರಬೇಕು. ಸಾಬೀತಾದರೆ ಜೈಲು. ಅವಳು ಹೇಳಿಲ್ಲ ಎನ್ನುವುದಕ್ಕೆ ಏನಿದೆ ಸಾಕ್ಷಿ?

ಅಪ್ಪ ಕೇಳಿಸಿಕೊಂಡರು. ಅವಳು ಬಾಯಿ ಬಿಟ್ಟಿರಲಿಲ್ಲ ಎನ್ನುವುದಕ್ಕೆ ಇಡೀ ಲೋಕದಲ್ಲಿ ಇದ್ದದ್ದು ಒಂದೇ ಸಾಕ್ಷಿ, ಅದು ನಮ್ಮ ಮನೆಯ ಬೀರುವಿನಲ್ಲಿತ್ತು: ಅಪ್ಪ ಹೊಸ ಕೆಲಸ ಬೇಡವೆಂದು ಬರೆಸಿದ ಕಾಗದದ ನಕಲು. ಕಾರ್ಖಾನೆ ಮುಚ್ಚುತ್ತದೆಂದು ಗೊತ್ತಿದ್ದವನು ಇನ್ನೊಂದು ಕೆಲಸ ಬೇಡ ಎನ್ನುತ್ತಾನೆಯೇ? ಅವಳು ಅಪ್ಪನಿಗೆ ಮಾಡಿದ ಅನ್ಯಾಯವೇ ಅವಳನ್ನು ಉಳಿಸಬೇಕಿತ್ತು.

ಅಮ್ಮ, ಹೋಗಬೇಡಿ ಎಂದಳು. ಸಿಟ್ಟಿನಿಂದಲ್ಲ, ಹೋದರೆ ನಿಮ್ಮನ್ನೂ ಸಿಕ್ಕಿಸುತ್ತಾರೆ ಎಂಬ ಹೆದರಿಕೆಯಿಂದ. ಅಪ್ಪ ಊಟ ಮಾಡಿದರು. ಮರುದಿನ ಬೆಳಿಗ್ಗೆ ಒಳ್ಳೆಯ ಅಂಗಿ ಹಾಕಿಕೊಂಡು, ಬೀರು ತೆಗೆದು, ಬರೆದವಳು ನೀನೇ, ನೀನೂ ಬಾ ಎಂದು ನನ್ನನ್ನು ಕರೆದರು.

ಸರ್ಕಾರಿ ಕಚೇರಿಯ ಐದನೇ ಮಹಡಿಯ ಕೋಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ, ಬ್ಯಾಂಕಿನ ವಕೀಲರು, ಮೂಲೆಯ ಕುರ್ಚಿಯಲ್ಲಿ ಅತ್ತೆ. ಅವಳು ತುಂಬ ಇಳಿದುಹೋಗಿದ್ದಳು. ನಾನು ಒಂದು ಕ್ಷಣ ಯಾರೋ ಎಂದುಕೊಂಡೆ. ಅಪ್ಪ ಅವಳ ಕಡೆ ನೋಡಲಿಲ್ಲ. ಕಾಗದವನ್ನು ಅಧಿಕಾರಿಯ ಮುಂದಿಟ್ಟು, ಆ ಭಾನುವಾರದ ಊಟದಿಂದ ಹಿಡಿದು ಎಲ್ಲ ಹೇಳಿದರು. ಆ ಸೀಸೆ ಕಾರ್ಖಾನೆಗೆ ಫೋನು ಹೋಯಿತು. ಮೂಲಪ್ರತಿ ಅವರ ಕಡತದಲ್ಲೇ ಇತ್ತು, ತಾರೀಖಿನ ಸಮೇತ.

ಅಧಿಕಾರಿ ಕೇಳಿದರು, “ನಿಮ್ಮ ತಂಗಿ ಏನೂ ಹೇಳಲಿಲ್ಲವೇ? ಒಂದು ಸೂಚನೆಯೂ ಕೊಡಲಿಲ್ಲವೇ?”

“ಕೊಟ್ಟಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಮೇಡಂ? ಅಲ್ಲಿ ಸೀಸೆ ಮಾಡ್ಕೊಂಡು ಇರ್ತಿದ್ದೆ.”

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಸಹಿ ಮಾಡಿ, ನನ್ನ ಭುಜ ಹಿಡಿದು ಹೊರಗೆ ಕರೆತಂದರು.

ನಿಜ ಆಮೇಲೆ ಗೊತ್ತಾಯಿತು. ಷೇರು ಕೊಂಡದ್ದು ಇಸ್ತ್ರಿ ಸಾಹೇಬನ ಹೆಂಡತಿಯ ತಂದೆಯ ಹೆಸರಿನಲ್ಲಿ. ಅತ್ತೆ ಕೆಂಪು ಪೆನ್ಸಿಲಿನಲ್ಲಿ ಪ್ರಶ್ನೆ ಬರೆದ ಆ ಸೋಮವಾರ, ಅದಕ್ಕೆ ಸರಿ ಗುರುತು ಹಾಕಿ ಹೋದವನು, ಸಂಜೆಯೇ ಮೊದಲ ಕಂತು ಕೊಂಡಿದ್ದ. ಅವನೂ ಅಂಥದೇ ಕಾಗದಕ್ಕೆ ಸಹಿ ಮಾಡಿದವನು. ಅವನಿಗೆ ಶಿಕ್ಷೆಯಾಯಿತು. ಬ್ಯಾಂಕು ತಪ್ಪು ಒಪ್ಪಿಕೊಳ್ಳದೆ ದಂಡ ಕಟ್ಟಿ ಕೈತೊಳೆದುಕೊಂಡಿತು. ಅವನ ಜಾಗಕ್ಕೆ ಬಂದ ಇನ್ನೊಬ್ಬನ ಅಂಗಿಯೂ ಗರಿಗರಿಯಾಗಿಯೇ ಇತ್ತಂತೆ.

ಹೇಳಿದ ತಿಂಗಳಲ್ಲೇ ಕುಲುಮೆಗಳು ಆರಿದವು. ಎರಡನೆಯದರ ತಳದ ತೂತು ತೆಗೆದು ಕರಗಿದ ಗಾಜನ್ನು ನೀರಿನ ಹೊಂಡಕ್ಕೆ ಹರಿಸಿದವರು ಅಪ್ಪನೇ; ಬೇರೆಯವರಿಗೆ ಆ ಕೆಲಸ ಬರುತ್ತಿರಲಿಲ್ಲ. ಸೀಸೆ ಕಾರ್ಖಾನೆಯ ಜಾಗ ಅಷ್ಟು ಹೊತ್ತಿಗೆ ತುಂಬಿಹೋಗಿತ್ತು. ಏಳು ತಿಂಗಳು ಮನೆಯಲ್ಲಿದ್ದು, ಕೊನೆಗೆ ಅಪ್ಪ ಒಂದು ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಇದು ಬೆಂಕಿಯೇ ಅಲ್ಲ, ಚಾ ಕಾಯಿಸೋ ಒಲೆ ಎಂದು ಮೊದಲ ದಿನ ಹೇಳಿದರು. ಅತ್ತೆಗೆ ಕೆಲಸ ವಾಪಸು ಸಿಕ್ಕಿತ್ತು. ಅಮ್ಮ ಆಗಾಗ ನನ್ನ ಕೈಯಲ್ಲಿ ಅವಳಿಗೆ ಡಬ್ಬಿ ಕಳಿಸುತ್ತಿದ್ದಳು. ಅಪ್ಪನಿಗೆ ಅದು ಗೊತ್ತಿತ್ತು. ಖಾಲಿ ಡಬ್ಬಿ ಮನೆಗೆ ಬಂದಾಗ ತೊಳೆದಿಡುತ್ತಿದ್ದರು. ಆದರೆ ಅವಳ ಹೆಸರೆತ್ತುತ್ತಿರಲಿಲ್ಲ.

ಒಂದು ವರ್ಷ ಕಳೆದಿರಬೇಕು. ದೊಡ್ಡಮನೆಯವರು ತಮ್ಮ ನೌಕರರಿಗಾಗಿ ದೊಡ್ಡ ಸಭೆಯೊಂದನ್ನು ಏರ್ಪಡಿಸಿ, ಅಚ್ಚಿನ ಮನೆಯವರನ್ನೂ ಕರೆದರು. ಏನು ಎತ್ತ ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಗೋಡೆಯಿಂದ ಗೋಡೆಗೆ ರತ್ನಗಂಬಳಿ ಹಾಸಿದ ಸಭಾಂಗಣದಲ್ಲಿ ಅವಳು ಮೇಷ್ಟ್ರ ಪಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬ್ಯಾಂಕಿನ ಮುಖ್ಯಸ್ಥರು ಚರ್ಮದ ಮಂಡಿಯಿಂದ ಶುರುಮಾಡಿ, ನೂರೈವತ್ತು ವರ್ಷ ತಮ್ಮನ್ನು ಉಳಿಸಿದ್ದು ವಿಶ್ವಾಸ ಎಂದರು. ವಿಶ್ವಾಸ ಎಂದರೇನೆಂದು ತಿಳಿಯಬೇಕಿದ್ದರೆ ಈ ಸಭೆಯಲ್ಲೇ ಒಬ್ಬ ಮಹಿಳೆ ಇದ್ದಾರೆ, ತನ್ನ ಅಣ್ಣನ ಕೆಲಸ ಹೋಗುತ್ತದೆಂದು ಗೊತ್ತಿದ್ದೂ, ಅವನು ಎದುರು ಕೂತು ಕೇಳಿದರೂ ಬಾಯಿ ಬಿಡದ ಮಹಿಳೆ ಎಂದರು. ಅವಳ ಹೆಸರು ಕೂಗಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವಳ ಮುಖ ಸುಣ್ಣದ ಹಾಗಾಗಿತ್ತು, ಬಿದ್ದೇಬಿಡುತ್ತಾಳೆ ಎಂದು ತಾವೇ ಅವಳ ತೋಳು ಹಿಡಿದುಕೊಂಡದ್ದಾಗಿ ಮೇಷ್ಟ್ರು ಆಮೇಲೆ ಹೇಳಿದರು. ತನಿಖೆಯ ಕೋಣೆಯಲ್ಲಿ ಅವಳೂ ಅಪ್ಪನೂ ಎದೆ ಬಗೆದು ಹೇಳಿದ್ದ ಮಾತನ್ನು ಬ್ಯಾಂಕಿನ ವಕೀಲರು ಕಡತದಿಂದ ಎತ್ತಿ ಹೀಗೆ ಬಳಸಿದ್ದರು. ಅವಳು ಮೇಷ್ಟ್ರ ಕೈ ಬಿಡಿಸಿಕೊಂಡು ವೇದಿಕೆಗೆ ಹೋದಳು. ಅವಳಿಗೆಂದು ತಂದಿಟ್ಟಿದ್ದ ಸನ್ಮಾನದ ಫಲಕ ಮುಟ್ಟಲಿಲ್ಲ. ಮೈಕಿನ ಮುಂದೆ ನಿಂತಳು.

“ನೀವು ಹೇಳಿದ್ದರಲ್ಲಿ ಒಂದು ತಪ್ಪಿದೆ” ಎಂದಳು. “ನಾನು ನಿಮಗೋಸ್ಕರ ಸುಮ್ಮನಿದ್ದದ್ದಲ್ಲ. ಸಹಿ ಮಾಡಿದ್ದೆ, ಅದಕ್ಕೆ. ಹೆದರಿದ್ದೆ, ಅದಕ್ಕೂ. ಅಲ್ಲಿ ಆರುನೂರ ಹನ್ನೆರಡು ಜನ ಇದ್ದರು. ಇದಕ್ಕೆ ಚಪ್ಪಾಳೆ ಹೊಡೀಬೇಡಿ.”

ಇಳಿದು, ನಡುವಿನ ದಾರಿಯಲ್ಲಿ ನಡೆದು, ಬಾಗಿಲು ದಾಟಿದಳು. ಮರುದಿನ ರಾಜೀನಾಮೆ ಕೊಟ್ಟಳು.

ಮೇಷ್ಟ್ರು ಇದನ್ನೆಲ್ಲ ನಮ್ಮ ಮನೆಯಲ್ಲಿ ಕೂತು ಹೇಳುವಾಗ ಅಪ್ಪ ಕಿಟಕಿಯ ಕಡೆ ತಿರುಗಿದ್ದರು. ಮೇಷ್ಟ್ರು ಹೋದ ಮೇಲೆ, ತಪ್ಪಿದೆ ಅಂದಳಂತೆ, ಅಷ್ಟು ದೊಡ್ಡ ಮನುಷ್ಯನಿಗೆ ಎಂದು ಅಪ್ಪ ಒಂದು ಸಲ ಹೇಳಿದರು. ಶನಿವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ನಾನು ಸ್ವಲ್ಪ ಹಿಂದೆಯೇ ಹೋದೆ.

ಅತ್ತೆ ಬಾಗಿಲು ತೆರೆದು, ಅಪ್ಪನನ್ನು ಕಂಡು ಬಾಗಿಲನ್ನೇ ಹಿಡಿದುಕೊಂಡು ನಿಂತಳು. ಅಪ್ಪ ಒಳಗೆ ಹೋಗಿ, ಇದ್ದ ಒಂದೇ ಕುರ್ಚಿಯಲ್ಲಿ ಕೂತರು.

“ಕೆಲಸ ಬಿಟ್ಟೆಯಂತೆ.”

“ಹೂಂ.”

“ಆ ಭಾನುವಾರ ಒಂದ್ಮಾತು ಹೇಳಿದ್ರೆ ಏನಾಗ್ತಿತ್ತು ಅಂತ ಎಷ್ಟು ಸಲ ಯೋಚನೆ ಮಾಡಿದೀನಿ ಗೊತ್ತಾ?”

“ನಾನೂ ಮಾಡಿದೀನಿ ಅಣ್ಣ. ದಿನಾ ಮಾಡ್ತೀನಿ.”

“ಹೇಳಿದ್ರೆ ನೀನು ಜೈಲಿಗೆ, ನಾನು ಸೀಸೆ ಕಾರ್ಖಾನೆಗೆ. ಹೇಳದೆ ಇದ್ದದ್ದಕ್ಕೆ ಇಬ್ರೂ ಹೊರಗಿದೀವಿ.” ಮತ್ತೆ ಅಂದರು, “ಸಿಟ್ಟು ಹೋಗಿದೆ ಅಂದ್ಕೋಬೇಡ. ಇದೆ ಇನ್ನೂ.”

“ಇರ್ಲಿ” ಎಂದಳು ಅತ್ತೆ. ಚಹಾಕ್ಕೆ ನೀರಿಡಲು ಹೋದಳು. ಸಕ್ಕರೆ ಡಬ್ಬಿಯ ಮುಚ್ಚಳ ಅವಳಿಗೆ ತೆಗೆಯಲಾಗದೆ ಅಪ್ಪ ತೆಗೆದುಕೊಟ್ಟರು.

ಚಹಾ ಕುಡಿಯುತ್ತ ಅಪ್ಪ ಆಸ್ಪತ್ರೆಯ ಸುದ್ದಿ ಎತ್ತಿದರು. ಅಲ್ಲಿನ ಔಷಧಿ ಉಗ್ರಾಣದಲ್ಲಿ ವೈದ್ಯರ ಚೀಟಿ ಓದಿ, ಡಬ್ಬಿಗಳ ಮೇಲಿನ ಹೆಸರಿನ ಜೊತೆ ತಾಳೆ ನೋಡಲು ಒಬ್ಬರು ಬೇಕಂತೆ. ಬಂದವರೆಲ್ಲ ಆ ಕೈಬರಹ ನೋಡಿ ಎರಡೇ ದಿನಕ್ಕೆ ಓಡಿಹೋಗುತ್ತಾರಂತೆ.

“ನಿನ್ನ ಕೈಬರಹಕ್ಕಿಂತ ಕೆಟ್ಟದಾಗಿದೆಯಾ?” ಎಂದು ಕೇಳಿದಳು ಅತ್ತೆ.

“ಹೆಚ್ಚು ಕಡಿಮೆ ಅಷ್ಟೇ.”

“ಹಾಗಿದ್ರೆ ಸೋಮವಾರ ಬರ್ತೀನಿ, ನೋಡೋಣ.”

ಸೋಮವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹತ್ತಿದರು. ಅತ್ತೆ ಆರು ವರ್ಷ ಅಲ್ಲಿ ದ್ರಾಕ್ಷಿಗಾತ್ರದ ಅಕ್ಷರಗಳಲ್ಲಿ ಔಷಧಿಗಳ ಪಟ್ಟಿ ಬರೆದು ಗೋಡೆಗೆ ಹಚ್ಚಿ, ವೈದ್ಯರ ಹತ್ತಿರವೆಲ್ಲ ಜಗಳವಾಡಿ, ನಿವೃತ್ತಳಾದಳು.